ಎಡಗೈ ಪಾಠ

ಅಂದು ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಮನೆಯಿಂದ ಹೊರಟ ಮರಿ ಡಾಕ್ಟರಿಗೆ ತನ್ನ ಕೈಯೇ ಕಾಣಿಸಲಿಲ್ಲ. ಕಂಡಿದ್ದರೆ ಅದು ಯಾವ ಕೈ ಎಂದಾದರೂ ಯೋಚಿಸುತ್ತಿದ್ದನೇನೋ. ದೇವರು ಮನುಷ್ಯನಿಗೆ ಕೈ ಎರಡು ಕೊಟ್ಟು ಬುದ್ಧಿ ಒಂದೇ ಕೊಟ್ಟ. ಅವನ ಲೆಕ್ಕ ಅವನಿಗೇ ಗೊತ್ತು.

ಕಂಕುಳಲ್ಲಿ ಅತ್ತೆಯ ದಿಂಬಿತ್ತು. ಹೊಲಿಗೆ ಅಭ್ಯಾಸಕ್ಕೆಂದು "ಎರಡೇ ದಿನ ಕೊಡಿ ಅತ್ತೆ" ಎಂದು ಇಸಿದುಕೊಂಡು ತಿಂಗಳಾಗಿತ್ತು. ದಿಂಬಿನ ಒಂದು ಮಗ್ಗುಲಲ್ಲಿ ಸೂಜಿ ಊರಲೂ ಜಾಗವಿರಲಿಲ್ಲ. ಇತ್ತ ಅತ್ತೆಯ ಕತ್ತು ಗಾಳಿಗೆ ಸಿಕ್ಕ ಬೇಲಿಗೂಟದಂತೆ ಒಂದೇ ಕಡೆ ವಾಲಿತ್ತು.

"ಇವತ್ತು ಪಾಸಾದ್ರೆ ನಾಳೆ ನನ್ನ ಮೊದಲನೇ ಆಪರೇಷನ್ ಅತ್ತೆ. ಸಾಯಂಕಾಲ ದಿಂಬು ನಿಮ್ಮದು" ಎಂದಿದ್ದ ಹೊರಡುವ ಮುನ್ನ.

"ಪಾಸಾಗಿ ಅಳಿಯಂದ್ರೇ. ನನ್ನ ಕತ್ತಿಗೋಸ್ಕರ ಆದ್ರೂ ಪಾಸಾಗಿ."

ದೊಡ್ಡ ಡಾಕ್ಟರು ತಮ್ಮ ಹೊಲಿಗೆಯ ಪಾಠವನ್ನು ವಿಡಿಯೊ ಮಾಡಿ ಎಲ್ಲರ ಫೋನಿಗೂ ಕಳಿಸಿದ್ದರು. ಆಪರೇಷನ್ ಕೋಣೆಯಲ್ಲಿ ಹಿರಿಯರ ಬೆನ್ನುಗಳ ಹಿಂದೆ ನಿಂತು, ದೊಡ್ಡ ಡಾಕ್ಟರ ಟೋಪಿಯ ತುದಿಯನ್ನಷ್ಟೇ ಕಂಡಿದ್ದ ಮರಿ ಡಾಕ್ಟರಿಗೆ ಅದು ದೇವರೇ ಕೊಟ್ಟ ವರವಾಯಿತು. ಕೈಗವಸು ತೊಟ್ಟ ಎರಡು ಕೈ, ಹಿಂದೆ ಗೋಡೆಯ ಮೇಲೊಂದು ಗಡಿಯಾರ, ಇಷ್ಟೇ ವಿಡಿಯೊ. ಅವನು ಕೈಯನ್ನೇ ನೋಡಿ ನೋಡಿ ಕಲಿತ. ವಿಡಿಯೊ ನೋಡಿ ಶಸ್ತ್ರಚಿಕಿತ್ಸೆ ಕಲಿಯಬಹುದೇ ಎಂದು ತೂಗಿ ನೋಡಲು ಇಂದು ಹೊರಗಿನಿಂದ ತಜ್ಞರೊಬ್ಬರು ಬಂದಿದ್ದರು.

ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಜೊತೆಗಾರ ಡಾಕ್ಟರು ಅಡ್ಡ ನಿಂತ. "ಎಲ್ಲಿ, ಒಂದು ಹೊಲಿಗೆ ಹಾಕು ನೋಡೋಣ."

ಮರಿ ಡಾಕ್ಟರು ದಿಂಬಿನ ಮೇಲೆ ಹಾಕಿದ.

"ಲೋ! ಎಡಗೈಲಿ ಯಾಕೋ ಹೊಲೀತೀಯ?"

"ದೊಡ್ಡೋರು ಎಡಚರಲ್ವಾ?"

"ಯಾರೋ ಹೇಳಿದ್ದು? ಮೊನ್ನೆ ನನ್ನ ಬೆನ್ನಿಗೆ ಗುದ್ದಿದ್ದು ಬಲಗೈಲೇ!"

ಮರಿ ಡಾಕ್ಟರು ವಿಡಿಯೊ ಮತ್ತೆ ನೋಡಲೆಂದು ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಒಳಗಿನಿಂದ ಅವನನ್ನು ಕರೆದರು.

ಮೇಜಿನ ಮೇಲೆ ರಬ್ಬರಿನ ನಕಲಿ ಚರ್ಮ. ಎದುರಿಗೆ ದೊಡ್ಡ ಡಾಕ್ಟರು, ತಜ್ಞರು, ಹಿರಿಯ ನರ್ಸಮ್ಮ. ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಅವನು ಬಲಗೈಗೆ ಸೂಜಿ ಹಿಡಿಯುವ ಇಕ್ಕಳ ಕೊಟ್ಟ. ಆ ಕೈ ಕರೆಯದೆ ಮದುವೆಗೆ ಬಂದ ನೆಂಟನಂತೆ ಪೆಚ್ಚಾಗಿ ನಿಂತಿತು. ಸೂಜಿ ಜಾರಿ ಟಣ್ಣೆಂದು ನೆಲಕ್ಕೆ ಬಿತ್ತು. ನರ್ಸಮ್ಮ ಇನ್ನೊಂದು ಕೊಟ್ಟರು. ಅದೂ ಬಿತ್ತು.

"ಏನಯ್ಯಾ, ನನ್ನ ವಿಡಿಯೊ ನೋಡಿದ್ಯೋ ಇಲ್ವೋ?" ದೊಡ್ಡ ಡಾಕ್ಟರ ಹಣೆಯಲ್ಲೂ ಬೆವರು ಮೂಡಿತ್ತು.

ಆದದ್ದಾಗಲಿ ಎಂದು ಮರಿ ಡಾಕ್ಟರು ಇಕ್ಕಳವನ್ನು ಎಡಗೈಗೆ ದಾಟಿಸಿದ. ಕೈ ನೀರಿಗೆ ಬಿಟ್ಟ ಮೀನಾಯಿತು! ಇರುವೆ ಸಾಲಿಟ್ಟ ಹಾಗೆ ಹೊಲಿಗೆ ಬಿತ್ತು, ಗಂಟಿನ ಪಕ್ಕ ಗಂಟು ಕೂತಿತು. ತಜ್ಞರು ಕನ್ನಡಕ ಏರಿಸಿಕೊಂಡರು.

"ಎಡಗೈಲಿ ಹೊಲಿಯೋಕೆ ಯಾರಯ್ಯಾ ಹೇಳಿಕೊಟ್ಟಿದ್ದು?" ದೊಡ್ಡ ಡಾಕ್ಟರು ಗುಡುಗಿದರು.

"ನೀವೇ ಸಾರ್."

ತಜ್ಞರು ಗೋಡೆಯ ದೊಡ್ಡ ಪರದೆಗೆ ವಿಡಿಯೊ ಹಾಕಿಸಿದರು. ನರ್ಸಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ಸಾರ್... ಗಡಿಯಾರ ಹಿಂದಕ್ಕೆ ಓಡ್ತಾ ಇದೆ."

ತಮ್ಮ ಕೈ ತಮಗೂ ಕಾಣಲೆಂದು ದೊಡ್ಡ ಡಾಕ್ಟರು ಫೋನನ್ನು ತಮ್ಮತ್ತಲೇ ತಿರುಗಿಸಿ ಚಿತ್ರ ತೆಗೆದಿದ್ದರು. ಫೋನು ಕನ್ನಡಿಯ ಬುದ್ಧಿ ತೋರಿಸಿ ಎಡ ಬಲ ಅದಲು ಬದಲು ಮಾಡಿತ್ತು.

"ಗಡಿಯಾರ ನೋಡ್ಲಿಲ್ವೇನಯ್ಯಾ ನೀನು?"

"ನೋಡ್ದೆ ಸಾರ್. ಆಪರೇಷನ್ ಮುಗಿಯೋಕೆ ಇನ್ನೆಷ್ಟು ಹೊತ್ತಿದೆ ಅಂತ ತೋರಿಸ್ತಿದೆ ಅಂದ್ಕೊಂಡೆ."

ತಜ್ಞರು ಹೊಟ್ಟೆ ಹಿಡಿದು ನಕ್ಕರು. "ತಪ್ಪನ್ನೂ ಚಾಚೂ ತಪ್ಪದೆ ಕಲ್ತಿದ್ದಾರಲ್ರೀ! ವಿಡಿಯೊ ಪಾಠ ನೂರಕ್ಕೆ ನೂರು!" ಎಂದು ದೊಡ್ಡ ಡಾಕ್ಟರ ಕೈ ಕುಲುಕಿದರು. ಬಲಗೈಯನ್ನೇ.

ಮರಿ ಡಾಕ್ಟರ ಮುಖ ಅರಳಿತು. "ಹಾಗಾದ್ರೆ ನಾಳೆ ಆಪರೇಷನ್ ಸಾರ್...?"

"ಪಾಸಾಗಿದ್ದು ಪಾಠ ಕಣಪ್ಪಾ, ನೀನಲ್ಲ," ಎಂದರು ದೊಡ್ಡ ಡಾಕ್ಟರು. "ಇಲ್ಲಿ ಕತ್ತರಿಯಿಂದ ಹಿಡಿದು ಎದುರಿಗೆ ನಿಲ್ಲೋರ ತನಕ ಎಲ್ಲಾ ಬಲಗೈಗೆ ಒಗ್ಗಿದ್ದು. ಬಲಗೈಲಿ ಮೊದಲಿಂದ ಕಲಿತು ಬಾ. ನಾಳೇದು ನಿನ್ನ ಜೊತೆಗಾರ ಮಾಡ್ತಾನೆ."

ಸಂಜೆ ಮನೆಯಲ್ಲಿ ಅತ್ತೆ ಕತ್ತು ವಾಲಿಸಿಕೊಂಡೇ ಮಲಗಿದ್ದರು. "ಏನಾಯ್ತು ಅಳಿಯಂದ್ರೇ?"

"ವಿಡಿಯೊ ಪಾಸಾಯ್ತು ಅತ್ತೆ."

ಹೆಂಡತಿಗೆ ಅರ್ಥವಾಯಿತು. ತನ್ನ ದಿಂಬನ್ನು ಎದೆಗವಚಿಕೊಂಡು, "ಇದರ ಕಡೆ ಕಣ್ಣು ಹಾಕ್ಬೇಡಿ!" ಎಂದಳು.

ಅವನು ಅತ್ತೆಯ ದಿಂಬನ್ನು ಮಗುಚಿ ನೋಡಿದ. ಇನ್ನೊಂದು ಮಗ್ಗುಲು ಹಾಲಿನಷ್ಟು ಬಿಳುಪಾಗಿ, ಒಂದು ಹೊಲಿಗೆಯೂ ಇಲ್ಲದೆ, ಬಾ ಎನ್ನುತ್ತಿತ್ತು. ಬಲಗೈಯ ಬೆರಳುಗಳು ಅದರ ಮೇಲೆ ಒಂದು ಗಳಿಗೆ ತಡೆದವು.

ಆಮೇಲೆ ಆ ಮಗ್ಗುಲನ್ನೇ ಮೇಲೆ ಮಾಡಿ ಅತ್ತೆಯ ತಲೆಯಡಿಗೆ ಸರಿಸಿದ.