ಮೂವತ್ತೆರಡರಲ್ಲಿ ಹದಿನಾರು ಎಲ್ಲಿ ಹೋಯಿತು?

ಇಚಲಕರಂಜಿಯಲ್ಲಿ ಮದುವೆ ವಿಡಿಯೋ ತೆಗೆಯುವ ಶ್ರೇಣಿಕ ಎರಡು ತಿಂಗಳು ಯೂಟ್ಯೂಬ್ ನೋಡಿ ವಿಡಿಯೋ ಕೂಡಿಡುವ ವಿದ್ಯೆಯಲ್ಲಿ ಪಂಡಿತನಾದ. ಹದಿನೈದು ವರ್ಷದ ಮದುವೆಗಳು ಅವನ ಮನೆಯಲ್ಲಿ ಹಾರ್ಡ್ ಡಿಸ್ಕಿನ ರೂಪದಲ್ಲಿ ಸಂಸಾರ ಹೂಡಿದ್ದವು. ಕಪಾಟಿನಲ್ಲಿ ಹತ್ತು, ಹಾಸಿಗೆಯ ಕೆಳಗೆ ಆರು, ಶಾವಿಗೆ ಡಬ್ಬಿಯಲ್ಲಿ ಮೂರು.

"ಇನ್ನ ಎಲ್ಲಾ ಮದಿವಿ ಒಂದ ಪೆಟ್ಟಿಗ್ಯಾಗ. ಮನಿ ನೆಟ್‌ವರ್ಕಿಗೆ ಜೋಡಿಸಿದ್ರ ಯಾವ ಕಂಪ್ಯೂಟರಿನ್ಯಾಗ ಬೇಕಾದ್ರೂ ನೋಡಬಹುದು. ಇಡೀ ಜಿಲ್ಲಾದಾಗ ಇದನ್ನ ನನ್ನಂಗ ಆರಿಸಾವ್ರು ಯಾರೂ ಇಲ್ಲ," ಎಂದು ಹೆಂಡತಿಗೆ ಸಾರಿದ.

ಹೆಂಡತಿ ನೂತನ, ಮಗ್ಗದ ಶೆಡ್ಡಿನಲ್ಲಿ ಬಟ್ಟೆ ತಪಾಸಣೆ ಮಾಡುವವಳು; ಮದುವೆ ಇದ್ದ ದಿನ ಗಂಡನಿಗೆ ಲೈಟು ಹಿಡಿಯುವವಳು. ಹರಿದ ಒಂದು ಎಳೆಯನ್ನು ಹತ್ತು ಮಾರು ದೂರದಿಂದ ಹಿಡಿಯುವ ಕಣ್ಣು ಅವಳದು. "ಒಂದ ಡಿಸ್ಕ್ ಕೆಟ್ರ ಏನ್ ಮಾಡೂದ್ರಿ?" ಎಂದು ಕೇಳಿದಳು.

"ಹೊಸಾದು ಯಾಕ ಕೆಡತೈತಿ?"

ಕೊಲ್ಹಾಪುರದ ಅಂಗಡಿಯಿಂದ ಪೆಟ್ಟಿಗೆ ಬಂತು. ಒಳಗೆ ಎಂಟೆಂಟು ಟೆರಾಬೈಟಿನ ನಾಲ್ಕು ಡಿಸ್ಕು, ಒಟ್ಟು ಮೂವತ್ತೆರಡು. ಅದು ಕಂಪ್ಯೂಟರಿನ ಪರದೆಯ ಮೇಲೆ ಜೋಡಣೆಯ ಪ್ರಶ್ನೆಗಳನ್ನು ಕೇಳುವ ಹೊತ್ತಿಗೆ ಶ್ರೇಣಿಕ ಗೆಳೆಯನಿಗೆ ಫೋನಿನಲ್ಲಿ ಪೆಟ್ಟಿಗೆಯ ಮಹಿಮೆ ಕೊಚ್ಚುತ್ತಿದ್ದ. ಉತ್ತರಗಳನ್ನು ನೂತನಳೇ ಒತ್ತಿದಳು.

ವಾರದೊಳಗೆ ಹಳೆಯ ಮದುವೆಗಳೆಲ್ಲ ಒಳಗೆ ಹೋದವು. ಈಚೆಗಷ್ಟೇ ತೆಗೆದ ದಾನೋಳಿಯ ಕಾಕಾಸಾಹೇಬರ ಮಗಳ ಮದುವೆಯೂ ಹೋಯಿತು. ಮುಂದಿನ ಮದುವೆಗೆ ಬೇಕೆಂದು ಶ್ರೇಣಿಕ ಕ್ಯಾಮೆರಾದ ಕಾರ್ಡನ್ನೂ ಅಳಿಸಿದ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಕಾಕಾಸಾಹೇಬರ ತಾಯಿ ರಾಜಮತಿ ಆಯಿಗೆ ಮೊಮ್ಮಗಳ ಮದುವೆಗೆ ಬರಲಾಗಿರಲಿಲ್ಲ. ಭಾನುವಾರ ಅವರಿಗೆ ಅದನ್ನು ತೋರಿಸುತ್ತೇನೆಂದು ಮಾತು ಕೊಟ್ಟಿದ್ದ.

ಶುಕ್ರವಾರ ಅವನ ಕಣ್ಣಿಗೆ ಒಟ್ಟು ಜಾಗದ ಲೆಕ್ಕ ಬಿತ್ತು. ಬರೀ ಹದಿನಾರು!

"ಮೋಸ ಮಾಡ್ಯಾರ. ಪೆಟಗಿ ಒಯ್ದು ಅಂಗಡ್ಯಾವನ ಮಾರಿ ಮ್ಯಾಲ ಒಗೀತೇನಿ."

"ಮೊದಲ ನನ್ನ ಮಾತ ಕೇಳ್ರಿ..."

ಕೇಳಲು ಅವನು ಮನೆಯಲ್ಲಿದ್ದರೆ ತಾನೆ? ಪೆಟ್ಟಿಗೆಯನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಆಗಲೇ ಕೊಲ್ಹಾಪುರದ ಬಸ್ಸಿನಲ್ಲಿ ಕೂತಿದ್ದ. ಹಾತಕಣಂಗಲೆ ದಾಟಿದ ಮೇಲೆ ಬಸ್ಸು ಒಂದು ತಗ್ಗಿಗೆ ಇಳಿದು ಎದ್ದಿತು. ಶ್ರೇಣಿಕನೂ ಎದ್ದ. ಪೆಟ್ಟಿಗೆ ಮಾತ್ರ ಕೆಳಗೆ ಬಿತ್ತು.

ಅಂಗಡಿಯಲ್ಲಿ ಅದಕ್ಕೆ ಕರೆಂಟು ಕೊಟ್ಟಾಗ ಕೆಂಪು ದೀಪ ಹತ್ತಿ ಕೀಂಕೀಂ ಎಂದು ಅಳತೊಡಗಿತು. ಅಂಗಡಿಯ ಸಂಭಾಜಿರಾವ್ ನೋಡಿ, "ಒಂದ ಡಿಸ್ಕ್ ಹೋತು," ಎಂದರು.

ಜಗಳಕ್ಕೆಂದು ಹೋದ ಶ್ರೇಣಿಕ ಜಗಳವನ್ನೇ ಮರೆತ. ಕಣ್ಣ ಮುಂದೆ ಆಯಿ ನಿಂತರು. "ದಾನೋಳಿ ಮದಿವಿ ಹೋತೇನ್ರಿ?"

"ಏನೂ ಹೋಗಿಲ್ಲ. ಒಂದೊಂದ ಫೈಲಿಗೂ ಬ್ಯಾರೆ ಬ್ಯಾರೆ ಡಿಸ್ಕಿನ್ಯಾಗ ಎರಡ ಪ್ರತಿ ಅದಾವ. ಅದಕ್ಕ ಜಾಗಾ ಅರ್ಧಾ ಕಾಣಸ್ತೈತಿ. ನೂತನ ವಹಿನಿ ನನಗ ಫೋನ್ ಮಾಡಿ ಎಲ್ಲಾ ಕೇಳಿ ಹಂಗ ಮಾಡ್ಯಾರ. ಭಾಳ ಹುಷಾರ ಅದಾರ ಬಿಡ್ರಿ."

ಹೊಸ ಡಿಸ್ಕು ಹಾಕಿಸಿಕೊಂಡು ಸಂಜೆ ಮನೆಗೆ ಬಂದ ಶ್ರೇಣಿಕ ಚಪ್ಪಲಿ ಬಿಡುವ ಮೊದಲೇ, "ನನಗ ಯಾಕ ಹೇಳಲಿಲ್ಲ?" ಎಂದ.

"ಮೂರ ಸಲಾ ಹೇಳೇನ್ರಿ. ನೀವು ವಿಡಿಯೋ ನೋಡಾಕತ್ತಿದ್ರಿ. ಇನ್ನೊಂದ ಪ್ರತಿ ಉದಗಾಂವದಾಗ ನಮ್ಮ ಅಪ್ಪಾರ ಮನ್ಯಾಗ ಇಡೂಣು. ಮನಿಗೆ ನೀರು ಹೊಕ್ರ ಪೆಟಗಿನ ಮುಳಗತೈತಿ."

ಶ್ರೇಣಿಕ ಚಪ್ಪಲಿ ಬಿಟ್ಟು ಒಳಗೆ ಬಂದ. ಎರಡು ತಿಂಗಳಲ್ಲಿ ಒಂದು ವಿಡಿಯೋವೂ ಅವನಿಗೆ ಇದನ್ನು ಹೇಳಿರಲಿಲ್ಲ.

ಭಾನುವಾರ ದಾನೋಳಿಯಲ್ಲಿ ಆಯಿಯ ಹಾಸಿಗೆಯ ಎದುರು ಟಿವಿಯಲ್ಲಿ ಮದುವೆ ಓಡಿತು. ಆಯಿ ಮೊಮ್ಮಗಳನ್ನು ಕಂಡು ಕಣ್ಣೊರೆಸಿಕೊಂಡರು, ಬೀಗರನ್ನು ಕಂಡು ನಕ್ಕರು. ಕೊನೆಗೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: "ಎಲ್ಲಾ ಚಲೋ ಆಗೇತಿ ತಮ್ಮಾ. ಆದ್ರ ಲೈಟ್ ಹಿಡಕೊಂಡ ನಿಂತಾಳಲ್ಲ, ಇಕಿ ಯಾರು? ಮದುಮಗಳಿಗಿಂತ ಇಕೀನ ಹೆಚ್ಚಿಗಿ ಕಾಣಸ್ತಾಳ."

ಆಯಿಯ ಹಾಸಿಗೆಯ ಹಿಂದೆ ಗೋಡೆಗೆ ಒರಗಿ ನಿಂತಿದ್ದ ನೂತನ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಶ್ರೇಣಿಕ ತಲೆ ಕೆರೆದುಕೊಂಡ.

"ನನ್ನ ಹೆಂಡ್ತಿರಿ, ಆಯಿ. ಅಕಿ ಇಲ್ಲದಿದ್ರ ಮದುಮಗಳೂ ಕಾಣಸ್ತಿರಲಿಲ್ಲ."