ಬರ್ಮಿಂಗ್‌ಹ್ಯಾಮಿನ ಜಗ್ಗು

ವಾಣಿ ತರಹೇಳಿದ್ದು ವರಮಹಾಲಕ್ಷ್ಮಿ ಹಬ್ಬಕ್ಕೊಂದು ಬೆಳ್ಳಿಯ ಕಳಶ. ಅವಳ ಗಂಡ ಸುಂದರೇಶ ತಂದದ್ದು ಹಳೇ ಸಾಮಾನಿನ ಅಂಗಡಿಯಿಂದ ಇಂಗ್ಲಿಷರ ಕಾಲದ ಹಾಲಿನ ಜಗ್ಗು. ಕಾವಿಗೆ ಕೂತ ಬಾತುಕೋಳಿಯಂತೆ ಹೊಟ್ಟೆ ಉಬ್ಬಿಸಿ, ಮೂತಿ ಮುಂದೆ ಚಾಚಿದ್ದ ಅದನ್ನು ಕಂಡ ಗಳಿಗೆಯೇ ಅವನು ಸೋತುಹೋಗಿದ್ದ.

ವಾಣಿ ಸೋಲಲಿಲ್ಲ. "ತಿಳಿದೋರು ಯಾರಾದ್ರೂ ಇದು ಬೆಳ್ಳಿ ಅಂದ್ರೆ ಒಳಗೆ ತನ್ನಿ. ಇಲ್ದಿದ್ರೆ ಇವತ್ತೇ ವಾಪಸ್ ಕೊಟ್ಬುಟ್ಟು ಬನ್ನಿ," ಎಂದು ಬಾಗಿಲಿಗೆ ಅಡ್ಡ ನಿಂತಳು.

ಜಗಲಿಯ ಮೇಲೆ ಗಂಡಸೊಬ್ಬ ಜಗ್ಗು ತಬ್ಬಿಕೊಂಡು ಕೂತರೆ ಕುಂಬಾರಕೊಪ್ಪಲಿನ ಬೀದಿ ಸುಮ್ಮನಿದ್ದೀತೇ? ಪಕ್ಕದ ಮನೆಯ ಮುದ್ದಮ್ಮ ಬಂದು ಜಗ್ಗನ್ನು ಬೋರಲು ಹಾಕಿದರು. ತಳದಲ್ಲಿ ಎಳ್ಳಿನಷ್ಟು ಚಿಕ್ಕ ಮುದ್ರೆಗಳ ಸಾಲು.

"ಅಯ್ಯೋ, ತಾಯಿ ಚಾಮುಂಡಿ ಸಿಂಹ ಕಣಪ್ಪೋ! ಕಾಲೆತ್ಕೊಂಡು ಬೆಟ್ಟ ಅತ್ತುತಾ ಅದೆ!" ಎಂದು ಅದಕ್ಕೆ ಕುಂಕುಮವಿಟ್ಟೇಬಿಟ್ಟರು.

ಆ ದಾರಿಯಲ್ಲಿ ಹೊರಟಿದ್ದ ಅದೇ ಬೀದಿಯ ಬೀರೇಶ್ ಬಗ್ಗಿ ನೋಡಿದ. "ಸಿಂಹದ ಪಕ್ಕ ಹಡಗಿನ ಲಂಗರು ಯಾಕೆ ಸಾರ್? ಡೂಪ್ಲಿಕೇಟು ಬುಡಿ."

ಸುಂದರೇಶ ಓಡಿಹೋಗಿ ಎದುರು ಮನೆಯ ಮ್ಯಾಥ್ಯೂ ಮೇಷ್ಟ್ರನ್ನು ಕರೆತಂದ. ಹಳೇ ಬೆಳ್ಳಿ ಎಂದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ. ಅವರು ಕುಂಕುಮ ಒರೆಸಿ ಭೂತಗನ್ನಡಿ ಹಿಡಿದರು.

"ನಡೆಯೋ ಸಿಂಹ ಅಂದ್ರೆ ಬೆಳ್ಳಿ ಒಳ್ಳೇದು ಅಂತ. ಲಂಗರು ಬರ್ಮಿಂಗ್‌ಹ್ಯಾಮ್ ಊರಿನ ಗುರುತು. ಲಂಡನ್ ಆಗಿದ್ರೆ ಚಿರತೆ ತಲೆ ಇರ್ತಿತ್ತು."

"ಆ ಊರಲ್ಲಿ ಸಮುದ್ರ ಅದಾ ಸಾರ್?" ಬೀರೇಶ್ ಕೇಳಿದ.

"ಇಲ್ಲ."

"ಸಮುದ್ರ ಇಲ್ದೂರಿಗೆ ಲಂಗರಾ! ನಾನ್ ಏಳ್ಲಿಲ್ವಾ?"

ಬೀದಿಗೆ ಬೀದಿಯೇ ಗೊಳ್ಳೆಂದಿತು. ಮೇಷ್ಟ್ರು ಕೆರಳಿದರು. "ಲೋ, ನಮ್ಮ ಮೈಸೂರಿಗೆ ಗಂಡಭೇರುಂಡ ಅಲ್ವೇನೋ ಗುರುತು? ಕುಕ್ಕರಹಳ್ಳಿ ಕೆರೆ ಮೇಲೆ ಅದು ಹಾರೋದನ್ನ ಯಾವತ್ತಾದ್ರೂ ಕಂಡಿದ್ದೀಯಾ?"

ಮೇಷ್ಟ್ರು ವಾಣಿಯತ್ತ ತಿರುಗಿದರು. "ಅಪ್ಪಟ ಬೆಳ್ಳಿ ಕಣಮ್ಮ. ನನ್ನ ಮಾತು ನಂಬು."

ಸುಂದರೇಶ ಕುಸ್ತಿ ಗೆದ್ದ ಪೈಲ್ವಾನನಂತೆ ಎದೆಯುಬ್ಬಿಸಿ ಹೊಸ್ತಿಲು ದಾಟಲು ಕಾಲೆತ್ತಿದ. ವಾಣಿಯ ಮುಖ ಊರಗಲ ಅರಳಿತು.

"ಅಪ್ಪಟ ಬೆಳ್ಳಿನಾ? ಸದ್ಯ! ಹಂಗಾದ್ರೆ ಒಳಗ್ಯಾಕೆ ಬರ್ತೀರಿ? ಹಂಗೇ ಆಚಾರ್ರ ಹತ್ರ ಹೋಗಿ, ಕರಗಿಸಿ ಕಳಶ ಮಾಡೋಕೆ ಕೊಟ್ಬುಟ್ಟು ಬನ್ನಿ."

ಸುಂದರೇಶನ ಕಾಲು ಗಾಳಿಯಲ್ಲೇ ನಿಂತಿತು. "ಲೇ, ಇದು ನಕಲಿ ಕಣೇ! ಆ ಊರಲ್ಲಿ ಸಮುದ್ರನೇ ಇಲ್ವಂತೆ! ಬೀರೇಶ, ನೀನಾದ್ರೂ ಹೇಳೋ!"

"ಮೇಷ್ಟ್ರು ಏಳುದ್ ಮೇಲೆ ನಂದೇನದೆ ಸಾರ್," ಎಂದು ಬೀರೇಶ್ ಕೈಕಟ್ಟಿದ.

ಅಷ್ಟರಲ್ಲಿ ಮುದ್ದಮ್ಮ ಮನೆಗೆ ಹೋಗಿ, ಸವೆದ ಕಾಲುಂಗುರಗಳನ್ನು ತಂದು ಜಗ್ಗಿನೊಳಗೆ ಟಣ್ಣನೆ ಹಾಕಿದರು.

"ಎಂಗೂ ಓಯ್ತಾ ಇದ್ದೀಯಲ್ಲಪ್ಪ, ಇವುನ್ನೂ ಕರಗಿಸ್ಕೊಂಡು ಬಂದ್ಬುಡು."