ಹಲಗೆ ಸಮ ಮಾಡುವ ಮಷೀನು ಮತ್ತು ನನ್ನ ಬಲಭುಜ

ಕಣ್ಣು ಮಂಜಾದರೆ ಕನ್ನಡಕ ಸಿಗುತ್ತದೆ, ಹಲ್ಲು ಬಿದ್ದರೆ ಹಲ್ಲಿನ ಸೆಟ್ಟು ಸಿಗುತ್ತದೆ. ಬಡಗಿಯ ಬಲಭುಜ ಹೋದರೆ ಉಪದೇಶ ಸಿಗುತ್ತದೆ. ನನ್ನ ಡಾಕ್ಟರು ಎಕ್ಸರೇಯನ್ನು ಬೆಳಕಿಗೆ ಹಿಡಿದು, ನನ್ನ ಮುಖ ನೋಡದೆ ಎಲುಬನ್ನೇ ನೋಡುತ್ತ, "ರಂಧಾ ಬಂದ್" ಎಂದರು. ಹಲಗೆಯ ಮೇಲೆ ತಳ್ಳಿ ತಳ್ಳಿ ನುಣುಪು ತೆಗೆಯುವ ಆ ರಂಧ ನಿಂತರೆ ನಾನೂ ನಿಂತಂತೆಯೇ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಾಗಪುರದಲ್ಲಿ ನಾಲ್ಕು ಜನ ನನ್ನನ್ನು ಮಿಸ್ತ್ರಿ ಎಂದು ಕರೆದದ್ದು ಈ ಭುಜದ ಪುಣ್ಯದಿಂದ. ಇನ್ನು ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹೋಗಿಬರುವವರಿಗೆ ವೇಳೆ ಹೇಳುವ ಮುದುಕನಾಗಬೇಕು, ಅಷ್ಟೆ.

ಅದಕ್ಕೆ ಹೆದರಿಯೇ ಮನೀಶ್ ನಗರದ ನನ್ನ ಅಂಗಡಿಗೆ ಸಿಎನ್‌ಸಿ ರೌಟರ್ ತರಿಸಿದೆ. ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಓಡಾಡುತ್ತ ಹಲಗೆಯನ್ನು ಕೆತ್ತಿ ಸಮ ಮಾಡುವ ಯಂತ್ರ. ಹಲಗೆ ಮಲಗಿಸಲು ಅದಕ್ಕೊಂದು ಹಾಸು. ಮರದ ಪುಡಿಯನ್ನು ಒತ್ತಿ ಮಾಡಿದ ಎಂಡಿಎಫ್. ಜೋಡಿಸಲು ಬಂದ ಫಿಟರ್, ಮೊದಲು ಈ ಹಾಸನ್ನೇ ಯಂತ್ರದಿಂದ ಒಂದು ಪದರ ಕೆತ್ತಿ ಸಮ ಮಾಡಿಕೊಳ್ಳಬೇಕೆಂದು ಹೇಳಿ, "ವಿಸರೂ ನಕಾ, ಕಾಕಾ" ಎಂದು ಎಚ್ಚರಿಸಿಯೇ ಹೋದ. ನಾನು ಮರೆಯಲಿಲ್ಲ, ಒಪ್ಪಲಿಲ್ಲ. ಹೊಸ ಧೋತರ ತಂದು ಉಡುವ ಮೊದಲು ಯಾರಾದರೂ ಕತ್ತರಿ ಹಾಕುತ್ತಾರೆಯೆ? ಅದರ ಬದಲು ಪೂಜೆ ಮಾಡಿದೆ. ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ತೆಂಗಿನಕಾಯಿ ಒಡೆದು ನೀರನ್ನು ಹಾಸಿನ ನಟ್ಟನಡುವೆ ಸುರಿದೆ. ನೀರು ಒಂದು ಹನಿಯೂ ಉಳಿಯದಂತೆ ಇಂಗಿತು. ಯಂತ್ರ ಪ್ರಸನ್ನವಾಯಿತೆಂದು ಕೈಮುಗಿದೆ.

ಮೊದಲ ಗಿರಾಕಿ ವಾಯುಸೇನೆಯವರು, ಮೈಸೂರಿನ ಕಡೆಯವರು. ಊಟದ ಮೇಜಿಗೆಂದು ಅಗಲವಾದ ಸೀಸಂ ಮರದ ಹಲಗೆ ತಂದಿದ್ದರು. "ಮಷೀನಿನಲ್ಲಿ ಮಾಡ್ತೀರಾ?" ಎಂದು ಮುಖ ಸಣ್ಣದು ಮಾಡಿಕೊಂಡರು. "ಆಗಲಿ ಯಜಮಾನರೇ. ಆದರೆ ಇರೋದು ಇದೊಂದೇ ಹಲಗೆ."

ಹಲಗೆಯನ್ನು ಹಾಸಿನ ಮೇಲಿಟ್ಟು ನಾಲ್ಕೂ ಮೂಲೆ ಬಿಗಿದೆ. ಯಂತ್ರ ಕೂಗುತ್ತ ಕೆತ್ತಿತು. ಬಿಗಿ ಬಿಚ್ಚಿದಾಗ ಹಲಗೆಯ ತುದಿಗಳು ಮೇಲೆದ್ದು ನಿಂತವು, ನಡುವೆ ತಗ್ಗು. ಮಗುಚಿ ಹಾಕಿ ಕೆತ್ತಿಸಿದೆ. ಆ ಮಗ್ಗುಲೂ ಅದೇ ಕಥೆ. ಕೆತ್ತಿದಷ್ಟೂ ಹಲಗೆ ತೆಳ್ಳಗಾಯಿತು. ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತು ನೋಡಿದಳು.

"ಏನ್ರಿ, ಮೇಜು ಮಾಡಾಕತ್ತೀರೋ ಹಪ್ಪಳ ಮಾಡಾಕತ್ತೀರೋ?"

"ನಿನಗೇನ್ ತಿಳೀತದ? ಇದು ಕಂಪ್ಯೂಟರ್ ಕೆಲಸ."

"ಕಂಪ್ಯೂಟರ್ ಹೋಗ್ಲಿ. ಇಲ್ಲಿ ಕೈ ಇಟ್ಟು ನೋಡ್ರಿ, ಹಾಸು ಪೂರಿ ಉಬ್ಬಿದಾಂಗ ಉಬ್ಬೈತಿ. ಕಾಯಿನೀರು ಇಲ್ಲೇ ಅಲ್ಲೇನು ಸುರಿದದ್ದು?"

ಕೈ ಇಟ್ಟೆ. ಉಬ್ಬಿತ್ತು. ಉಬ್ಬಿದ ಹಾಸಿನ ಮೇಲೆ ಹಲಗೆಯನ್ನು ಬಗ್ಗಿಸಿ ಬಿಗಿದು, ಬಗ್ಗಿದ್ದನ್ನೇ ಕೆತ್ತಿಸುತ್ತಿದ್ದೆ. ಆ ಹೊತ್ತಿಗೆ ನಾನು ಹೆದರಿದಷ್ಟು ಎಕ್ಸರೇ ನೋಡಿದಾಗಲೂ ಹೆದರಿರಲಿಲ್ಲ. ಇನ್ನೊಮ್ಮೆ ತಪ್ಪಿದರೆ ಮೇಜಿಲ್ಲ, ಮೇಜಿಲ್ಲದಿದ್ದರೆ ಮಿಸ್ತ್ರಿಯೂ ಇಲ್ಲ.

ಫಿಟರ್ ಹೇಳಿದಂತೆ ಹಾಸನ್ನು ಉದ್ದಕ್ಕೂ ಕೆತ್ತಿಸಿ ಸಮ ಮಾಡಿದೆ. ಹಲಗೆ ಅಲ್ಲಾಡುವ ಕಡೆ ಅದರ ಅಡಿಯಲ್ಲಿ ಮರದ ಚಕ್ಕೆ ಕೊಟ್ಟು, ಬಗ್ಗದಂತೆ ಹಗುರಾಗಿ ಹಿಡಿಸಿ, ಎಲ್ಲಕ್ಕಿಂತ ಎತ್ತರದ ಜಾಗ ಹುಡುಕಿ, ಅಲ್ಲಿಂದ ಅಲಗು ಇಳಿಸಿದೆ. ಒಂದು ಮಗ್ಗುಲು ಮುಗಿಸಿ ಮಗುಚಿ ಇನ್ನೊಂದು. ಈ ಸಲ ಹಲಗೆ ನಿಂತ ನೀರಿನಂತೆ ಸಮವಾಗಿ ಬಂತು. ಮೇಜಿಗೆ ಸಾಕಾಗುವಷ್ಟು ದಪ್ಪವೂ ಉಳಿದಿತ್ತು.

ಖುಷಿಪಡಬೇಕಿತ್ತು. ಅಂಗೈಯನ್ನು ಆ ತುದಿಯಿಂದ ಈ ತುದಿಯವರೆಗೆ ಆಡಿಸಿದೆ. ಏರಿಲ್ಲ, ತಗ್ಗಿಲ್ಲ, ನಾನು ಸರಿಮಾಡಬೇಕಾದ್ದು ಎಲ್ಲೂ ಇಲ್ಲ. ಹೆಂಡತಿ ಅತ್ತ ತಿರುಗಿದ್ದೇ ತಡ, ರಂಧ ಎತ್ತಿಕೊಂಡು, ಹಲ್ಲು ಕಚ್ಚಿ, ಒಂದೇ ಒಂದು ಸಲ ತಳ್ಳಿದೆ. ಸುರುಳಿ ಚಕ್ಕೆ ಎದ್ದಿತು. ಭುಜದಲ್ಲಿ ಬೆಂಕಿಯೂ ಎದ್ದಿತು.

ಸಂಜೆ ವಾಯುಸೇನೆಯವರು ಬಂದು ಹಲಗೆಯ ಮೇಲೆ ಕೈಯಾಡಿಸಿದರು. "ಭೇಷ್, ಭೇಷ್" ಎನ್ನುತ್ತಿದ್ದವರ ಬೆರಳು ಒಂದು ಕಡೆ ನಿಂತಿತು.

"ಇಲ್ಲೊಂದು ಚೂರು ತಗ್ಗಿದೆ ನೋಡಿ. ಎಷ್ಟಾದರೂ ಮಷೀನು. ನಿಮ್ಮ ಕೈಕೆಲಸದ ಹಾಗೆ ಬರೋದುಂಟೆ?"

"ಹೌದ್ರಿ ಸಾಹೇಬ್ರ," ಎಂದೆ, ಬಲಗೈಯನ್ನು ಎಡಗೈಯಿಂದ ಮೆಲ್ಲಗೆ ಎತ್ತಿ ಹಿಡಿದುಕೊಂಡು. "ಮಷೀನ್ ಅಂದ್ರ ಮಷೀನ್."